ಬಾಯಿ ವಾಸನೆಗೆ ಮೊದಲು ನಾಲಿಗೆಯ ಬುಡ ನೋಡಿ, ಏಲಕ್ಕಿ ಆಮೇಲೆ

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಮಾತನಾಡಲು ನಮ್ಮ ಕಡೆಗೆ ತಿರುಗಿದಾಗ ಕೆಲವೊಮ್ಮೆ ನಾವು ಎಲೆ ಸರಿಪಡಿಸುವ ನೆಪದಲ್ಲಿ ಮುಖವನ್ನು ತುಸು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಅವರಿಗೆ ಅದು ತಿಳಿಯುವುದಿಲ್ಲ. ನಮ್ಮೆದುರು ಯಾರಾದರೂ ಹಾಗೆ ಹಿಂದೆ ಸರಿದಿದ್ದರೆ ಅದು ನಮಗೂ ತಿಳಿದಿರುವುದಿಲ್ಲ. ಬಾಯಿ ವಾಸನೆಯ ದೊಡ್ಡ ತೊಡಕು ಇದೇ. ಹಗಲಿರುಳು ಒಂದೇ ವಾಸನೆಯ ನಡುವೆ ಇರುವ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಮನೆಯವರು ಸಂಕೋಚದಿಂದ ಹೇಳುವುದಿಲ್ಲ, ಹೊರಗಿನವರು ಮರ್ಯಾದೆಗೆ ಅಂಜಿ ಹೇಳುವುದಿಲ್ಲ. 2020ರಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ತಮ್ಮ ಉಸಿರನ್ನು ತಾವೇ ಮತ್ತೆ ಎಳೆದುಕೊಳ್ಳಬೇಕಾಗಿ ಬಂದಾಗ, ತಮ್ಮ ಬಾಯಿಯ ಪರಿಚಯವನ್ನು ಮೊದಲ ಬಾರಿಗೆ ಮಾಡಿಕೊಂಡವರು ಅನೇಕರು. ಈ ಲೇಖಕನೂ ಅವರಲ್ಲೊಬ್ಬ.

ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಊದಿ ಮೂಸುವ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯದು. ಅದಕ್ಕಿಂತ ಮಣಿಕಟ್ಟಿನ ಒಳಭಾಗವನ್ನು ನಾಲಿಗೆಯಿಂದ ನೆಕ್ಕಿ, ಹತ್ತು ಸೆಕೆಂಡು ಆರಲು ಬಿಟ್ಟು ಮೂಸುವುದು ಮೇಲು. ಆದರೆ ಆ ಪರೀಕ್ಷೆಯಲ್ಲೂ ನಾಲಿಗೆಯ ತುದಿ ಮಾತ್ರ ಸಿಗುತ್ತದೆ. ತುದಿಯು ಸದಾ ಹಲ್ಲಿಗೂ ಅಂಗುಳಕ್ಕೂ ಉಜ್ಜಿಕೊಂಡು ಸಾಕಷ್ಟು ಶುಚಿಯಾಗಿಯೇ ಇರುತ್ತದೆ. ನಿಜ ತಿಳಿಯಬೇಕಾದರೆ ಒಂದು ಸ್ಟೀಲ್ ಚಮಚವನ್ನು ಬೋರಲಾಗಿ ಹಿಡಿದು, ನಾಲಿಗೆಯ ಹಿಂಭಾಗದಲ್ಲಿ ಓಕರಿಕೆ ಬಾರದಷ್ಟು ಆಳದಿಂದ ಒಮ್ಮೆ ಮೆಲ್ಲಗೆ ಮುಂದಕ್ಕೆ ಎಳೆದು, ಚಮಚಕ್ಕೆ ಅಂಟಿಕೊಂಡ ಬಿಳಿಯ ಅಥವಾ ಹಳದಿ ಬಣ್ಣದ ಲೋಳೆಯನ್ನು ಅರ್ಧ ನಿಮಿಷ ಬಿಟ್ಟು ಮೂಸಬೇಕು. ಎದುರಿಗೆ ನಿಂತವರಿಗೆ ತಲುಪುವ ವಾಸನೆ ಬಹುಮಟ್ಟಿಗೆ ಅದೇ. ಇನ್ನೂ ಖಚಿತವಾದ ದಾರಿಯೆಂದರೆ ಮನೆಯಲ್ಲಿ ನಂಬಿಕೆಯುಳ್ಳ ಒಬ್ಬರನ್ನು ನೇರವಾಗಿ ಕೇಳುವುದು. ಚಿಕ್ಕ ಮಕ್ಕಳಿದ್ದರೆ ಕೇಳುವ ಅಗತ್ಯವೂ ಬೀಳುವುದಿಲ್ಲ.

ವಾಸನೆ ಹುಟ್ಟುವುದು ಎಲ್ಲಿ

ಬಾಯಿ ನಾರಿದರೆ ಹೊಟ್ಟೆ ಕೆಟ್ಟಿದೆ ಎನ್ನುವುದು ನಮ್ಮಲ್ಲಿ ಬೇರೂರಿದ ನಂಬಿಕೆ. ಹೊಟ್ಟೆಯಿಂದ ಬಾಯಿಗೆ ಬರುವ ಅನ್ನನಾಳವು ನುಂಗುವಾಗ, ತೇಗುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಮುಚ್ಚಿಕೊಂಡೇ ಇರುತ್ತದೆ. ಆದ್ದರಿಂದ ಜಠರದ ವಾಸನೆ ಉಸಿರಿನ ಜೊತೆಗೆ ದಿನವಿಡೀ ಹೊರಬರಲು ದಾರಿಯಿಲ್ಲ. ಹುಳಿತೇಗಿನ ತೊಂದರೆ ಬಲವಾಗಿರುವವರಲ್ಲಿ ಸ್ವಲ್ಪ ವಾಸನೆ ಬರಬಹುದು ಎಂಬುದು ನಿಜವಾದರೂ, ಹತ್ತರಲ್ಲಿ ಎಂಟು ಒಂಬತ್ತು ಜನರಲ್ಲಿ ಇದರ ಮೂಲ ಬಾಯಿಯೊಳಗೇ ಇರುತ್ತದೆ. ಹೀಗಿರುವಾಗ ಭೇದಿಯ ಔಷಧಿ ತೆಗೆದುಕೊಂಡು ಬಾಯಿ ಶುದ್ಧವಾಗಲೆಂದು ಕಾಯುವುದು ವ್ಯರ್ಥ.

ನಾಲಿಗೆಯ ಮೇಲ್ಮೈ ಕಂಬಳಿಯಂತೆ ಒರಟಾಗಿದೆ. ಅದರ ಹಿಂದಿನ ಮೂರನೆಯ ಒಂದು ಭಾಗದ ಸಂದುಗೊಂದುಗಳಲ್ಲಿ ಆಹಾರದ ಕಣಗಳು, ಉದುರಿದ ಸತ್ತ ಜೀವಕೋಶಗಳು, ಮೂಗಿನ ಹಿಂದಿನಿಂದ ಇಳಿದ ಸಿಂಬಳ ಎಲ್ಲವೂ ಸೇರಿಕೊಳ್ಳುತ್ತವೆ. ಗಾಳಿಯಿಲ್ಲದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅಲ್ಲಿಯೂ ಹಲ್ಲಿನ ಸಂದಿಗಳಲ್ಲಿಯೂ ಒಸಡಿನ ಕೆಳಗೂ ನೆಲೆಸಿ, ಆ ಕಸದಲ್ಲಿರುವ ಪ್ರೋಟೀನನ್ನು ಒಡೆದು ತಿನ್ನುತ್ತವೆ. ಪ್ರೋಟೀನಿನಲ್ಲಿರುವ ಗಂಧಕ ಆಗ ಅನಿಲವಾಗಿ ಹೊರಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಕ್ಕೆ ಕೊಳೆತ ಮೊಟ್ಟೆಯ ವಾಸನೆ. ಮೀಥೈಲ್ ಮರ್ಕ್ಯಾಪ್ಟನ್‌ಗೆ ಕೊಳೆತ ಎಲೆಕೋಸಿನ ವಾಸನೆ. ಬಾಯಿ ವಾಸನೆಯ ಮುಖ್ಯ ಭಾಗ ಇವೆರಡೇ.

ಇವುಗಳನ್ನು ಹತೋಟಿಯಲ್ಲಿಡಲು ದೇಹವೇ ಒಂದು ವ್ಯವಸ್ಥೆ ಮಾಡಿಕೊಂಡಿದೆ, ಅದು ಜೊಲ್ಲು. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿದು ಬಾಯಿಯನ್ನು ತೊಳೆಯುತ್ತಲೇ ಇರುತ್ತದೆ. ನಿದ್ದೆಯಲ್ಲಿ ಅದು ಹೆಚ್ಚುಕಡಿಮೆ ನಿಂತೇ ಹೋಗುವುದರಿಂದ ಬೆಳಗ್ಗೆ ಎದ್ದಾಗ ಎಲ್ಲರ ಬಾಯಿಯೂ ನಾರುತ್ತದೆ. ಹಲ್ಲುಜ್ಜಿ ಏನಾದರೂ ತಿಂದ ಮೇಲೆ ಹೋಗಿಬಿಡುವ ಈ ವಾಸನೆಯ ಬಗ್ಗೆ ಚಿಂತೆ ಬೇಡ. ತಿಂಡಿ ತಿಂದು ಎರಡು ಗಂಟೆಯಾದ ಮೇಲೂ ಇದ್ದರೆ ಮಾತ್ರ ಮುಂದಿನದನ್ನು ಶ್ರದ್ಧೆಯಿಂದ ಮಾಡಬೇಕು.

ನಾಲಿಗೆ ಹೆರೆಯುವ ಕ್ರಮ

ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಟೂತ್‌ಪೇಸ್ಟಿಗೆ ನೂರಾರು ರೂಪಾಯಿ ಕೊಡುವವರೂ ನಾಲಿಗೆಯ ಹಿಂಭಾಗವನ್ನು ಮುಟ್ಟುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ನಾಲಿಗೆಯ ಬುಡದಲ್ಲಿ ಸೇರುವ ಕೊಳೆಯೇ ದುರ್ವಾಸನೆಗೆ ಕಾರಣವೆಂದೂ ಅದನ್ನು ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯ ಹರಿತವಿಲ್ಲದ, ಬಾಗಿದ ಪಟ್ಟಿಯಿಂದ ಹೆರೆದು ತೆಗೆಯಬೇಕೆಂದೂ ಹೇಳಿದೆ. ಇಂದಿನ ದಂತವೈದ್ಯರು ಹೇಳುವುದೂ ಇದನ್ನೇ. ಚಿನ್ನದ ಪಟ್ಟಿ ಬೇಕಾಗಿಲ್ಲ. ಅಂಗಡಿಯಲ್ಲಿ ಟಂಗ್ ಕ್ಲೀನರ್ ಎಂದು ಕೇಳಿದರೆ ಸಿಗುವ ತಾಮ್ರದ ಅಥವಾ ಸ್ಟೀಲಿನ ಪಟ್ಟಿ ವರ್ಷಗಟ್ಟಲೆ ಬಾಳುತ್ತದೆ. ಪ್ಲಾಸ್ಟಿಕ್ಕಿನದು ಆಗಬಹುದು, ಆದರೆ ಅದರ ಅಂಚು ಬೇಗ ಸವೆಯುತ್ತದೆ.

ಬೆಳಗ್ಗೆ ಬರಿಹೊಟ್ಟೆಯಲ್ಲಿ ಇದನ್ನು ಮಾಡುವುದು ಸುಲಭ. ಉಂಡ ಕೂಡಲೇ ಮಾಡಿದರೆ ವಾಂತಿಯಾದೀತು. ಕನ್ನಡಿಯ ಮುಂದೆ ನಿಂತು, ಒಮ್ಮೆ ಬಾಯಿ ಮುಕ್ಕಳಿಸಿ, ನಾಲಿಗೆಯನ್ನು ಆದಷ್ಟು ಹೊರಕ್ಕೆ ಚಾಚಿ, ಪಟ್ಟಿಯ ಎರಡೂ ತುದಿಗಳನ್ನು ಹಿಡಿದು ಅದರ ಬಾಗನ್ನು ನಾಲಿಗೆಯ ಹಿಂದಕ್ಕೆ ಇಡಿ. ಓಕರಿಕೆ ಬರುವುದು ಪಟ್ಟಿ ಹಿಂದಕ್ಕೆ ಹೋಗುವಾಗ. ಆ ಕ್ಷಣದಲ್ಲಿ ಬಾಯಿಯಿಂದ ಉಸಿರನ್ನು ನಿಧಾನವಾಗಿ ಹೊರಬಿಡುತ್ತಿದ್ದರೆ ಅದು ಬಹಳ ಮಟ್ಟಿಗೆ ತಪ್ಪುತ್ತದೆ. ಬಳಿಕ ಪಟ್ಟಿ ನಾಲಿಗೆಗೆ ತಾಗಿದೆ ಎಂದಷ್ಟೇ ತಿಳಿಯುವಷ್ಟು ಒತ್ತಿ ಮುಂದಕ್ಕೆ ಎಳೆಯಿರಿ, ಪಟ್ಟಿಯನ್ನು ನೀರಿನಲ್ಲಿ ತೊಳೆಯಿರಿ, ಮತ್ತೆ ಎಳೆಯಿರಿ. ನಡುವೆ ಎರಡು ಮೂರು ಸಲ, ಎಡಬಲಗಳಲ್ಲಿ ಒಂದೊಂದು ಸಲ ಸಾಕು. ಮೊದಲ ಎಳೆತದಲ್ಲಿ ಮಂದವಾದ ಲೋಳೆ ಬರುತ್ತದೆ, ನಾಲ್ಕನೆಯದರ ಹೊತ್ತಿಗೆ ಪಟ್ಟಿಯ ಮೇಲೆ ಬರಿಯ ನೀರು ಜೊಲ್ಲು ಉಳಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ನಾಲಿಗೆ ಪೂರ್ತಿ ಕೆಂಪಾಗುವವರೆಗೆ, ರಕ್ತ ಬರುವವರೆಗೆ ಹೆರೆಯುವುದು ಶುಚಿತ್ವದ ಅತಿರೇಕ. ಮೊದಲ ವಾರ ಹಿಂಭಾಗವನ್ನು ಪೂರ್ತಿ ಮುಟ್ಟಲಾಗದಿದ್ದರೆ ಬೇಸರಪಡಬೇಡಿ. ದಿನಕ್ಕೆ ಸ್ವಲ್ಪಸ್ವಲ್ಪವೇ ಹಿಂದಕ್ಕೆ ಹೋದರೆ ಗಂಟಲು ಒಗ್ಗಿಕೊಳ್ಳುತ್ತದೆ. ನಮ್ಮ ಅಜ್ಜಂದಿರು ಬೆಳಗಿನ ಜಾವ ಬಚ್ಚಲಿನಲ್ಲಿ ಇಡೀ ಕೇರಿಗೆ ಕೇಳಿಸುವಂತೆ ಕ್ಯಾಕರಿಸುತ್ತಿದ್ದುದನ್ನು ಕಂಡು ನಗುತ್ತಿದ್ದೆವು. ಸದ್ದು ಅಷ್ಟು ಬೇಕಾಗಿರಲಿಲ್ಲ, ಆದರೆ ಕೆಲಸ ಸರಿಯಾಗಿಯೇ ಇತ್ತು.

ಹಳ್ಳಿಗಳಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜುವವರು ಉಜ್ಜಿಯಾದ ಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಬಿಲ್ಲಿನಂತೆ ಬಗ್ಗಿಸಿ, ಅದರಿಂದಲೇ ನಾಲಿಗೆ ಹೆರೆದು ಎಸೆಯುತ್ತಾರೆ. ದಿನಕ್ಕೊಂದು ಹೊಸ ಬ್ರಶ್ಶು, ದಿನಕ್ಕೊಂದು ಹೊಸ ಪಟ್ಟಿ, ಖರ್ಚು ಸೊನ್ನೆ. ಬೇವು, ಹೊಂಗೆ, ಜಾಲಿಯ ಎಳೆಕಡ್ಡಿಗಳು ಒಗರಾಗಿ, ಕಹಿಯಾಗಿ ಇರುವುದರಿಂದ ಜೊಲ್ಲನ್ನು ಚೆನ್ನಾಗಿ ಬರಿಸುತ್ತವೆ. ತುದಿಯನ್ನು ಅಗಿದು ನಾರಾಗಿಸಿಕೊಂಡು ಉಜ್ಜಿದರೆ ಮುಂದಿನ ಹಲ್ಲುಗಳು ಥಳಥಳಿಸುತ್ತವೆ. ಹಿಂದಿನ ದವಡೆ ಹಲ್ಲುಗಳ ಒಳಬದಿಗೆ ಮಾತ್ರ ನೇರವಾದ ಕಡ್ಡಿ ತಲುಪುವುದಿಲ್ಲ. ಕಡ್ಡಿ ಬಳಸುವವರು ರಾತ್ರಿಯಾದರೂ ಬ್ರಶ್ಶನ್ನು ಹಿಡಿಯಬೇಕು.

ಹಲ್ಲಿನ ಸಂದಿ ಮತ್ತು ಒಸಡು

ದಿನಕ್ಕೆ ಎರಡು ಸಲ, ತಲಾ ಎರಡು ನಿಮಿಷ, ಮೃದುವಾದ ಬ್ರಶ್ಶಿನಿಂದ, ಹಲ್ಲು ಮತ್ತು ಒಸಡು ಸೇರುವ ಗೆರೆಯ ಮೇಲೆ ಬ್ರಶ್ಶನ್ನು ತುಸು ಓರೆಯಾಗಿ ಇಟ್ಟು ಉಜ್ಜಬೇಕೆಂಬುದು ಎಲ್ಲರಿಗೂ ಗೊತ್ತು. ಎರಡರಲ್ಲಿ ಒಂದನ್ನು ಬಿಡಲೇಬೇಕಾದ ಪರಿಸ್ಥಿತಿ ಬಂದರೆ ರಾತ್ರಿಯದನ್ನು ಬಿಡಬಾರದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮಲಗಿದ ಮೇಲೆ ಜೊಲ್ಲು ನಿಲ್ಲುವುದರಿಂದ, ಸಂದಿಯಲ್ಲಿ ಉಳಿದ ಅನ್ನದ ಅಗುಳಿಗೆ ಆರೇಳು ಗಂಟೆ ಕೊಳೆಯಲು ಪುರಸತ್ತು ಸಿಗುತ್ತದೆ. ಬ್ರಶ್ಶಿನ ಕೂದಲು ಹಲ್ಲುಗಳ ನಡುವಿನ ಸಂದಿಗೆ ಇಳಿಯುವುದಿಲ್ಲವಾದ್ದರಿಂದ ಅಲ್ಲಿಗೆ ಫ್ಲಾಸ್ ಎಂಬ ನಯವಾದ ದಾರವೇ ಬೇಕು. ಮೊಳದಷ್ಟು ದಾರವನ್ನು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವಿನ ಚೋಟುದ್ದವನ್ನು ಬಿಗಿಯಾಗಿ ಹಿಡಿದು, ಗರಗಸದಂತೆ ಸ್ವಲ್ಪ ಆಡಿಸುತ್ತ ಸಂದಿಯೊಳಗೆ ಇಳಿಸಿ, ಒಂದು ಹಲ್ಲಿನ ಮೈಗೆ ಅಪ್ಪಿಕೊಳ್ಳುವಂತೆ ಬಾಗಿಸಿ ಮೇಲೆ ಕೆಳಗೆ ಉಜ್ಜಿ, ಪಕ್ಕದ ಹಲ್ಲಿಗೂ ಹಾಗೆಯೇ ಮಾಡಬೇಕು. ಮೊದಲ ದಿನ ಹಿಂದಿನ ದವಡೆ ಹಲ್ಲುಗಳ ನಡುವಿನಿಂದ ತೆಗೆದ ದಾರವನ್ನು ಒಮ್ಮೆ ಮೂಸಿ ನೋಡಿದರೆ, ಎರಡನೆಯ ದಿನ ಫ್ಲಾಸ್ ಮಾಡುವಂತೆ ಯಾರೂ ಒತ್ತಾಯಿಸಬೇಕಾಗುವುದಿಲ್ಲ. ಸಂದಿಗಳು ಅಗಲವಾಗಿರುವ ಹಿರಿಯರಿಗೆ ದಾರಕ್ಕಿಂತ ಸಂದಿಗೆ ತೂರುವ ಪುಟ್ಟ ಬ್ರಶ್ಶೇ ಅನುಕೂಲ. ಪೊರಕೆಕಡ್ಡಿ, ಪಿನ್ನು, ಬೆಂಕಿಕಡ್ಡಿಗಳು ಒಸಡನ್ನು ಗಾಯ ಮಾಡಿ ಸಂದಿಯನ್ನು ಇನ್ನಷ್ಟು ಹಿಗ್ಗಿಸುತ್ತವೆ.

ಉಜ್ಜುವಾಗ ರಕ್ತ ಬಂದರೆ ಹೆಚ್ಚಿನವರು ಆ ಜಾಗವನ್ನು ಬಿಟ್ಟು ಉಜ್ಜತೊಡಗುತ್ತಾರೆ. ಅಲ್ಲಿ ಕೊಳೆ ಸೇರಿ ಒಸಡು ಊದಿಕೊಂಡಿದೆ ಎನ್ನುವುದಕ್ಕೇ ರಕ್ತ ಬರುತ್ತಿರುವುದು, ಆದ್ದರಿಂದ ಮೃದುವಾಗಿ, ಆದರೆ ಬಿಡದೆ ಉಜ್ಜಬೇಕಾದ ಜಾಗವೇ ಅದು. ಹದಿನೈದು ದಿನವಾದರೂ ನಿಲ್ಲದಿದ್ದರೆ ಕೊಳೆ ಗಟ್ಟಿಗೊಂಡು ಕಲ್ಲಿನಂತೆ ಕೂತಿರುತ್ತದೆ. ಅದನ್ನು ಯಾವ ಪುಡಿಯೂ ಯಾವ ಕಷಾಯವೂ ಕರಗಿಸಲಾರದು, ದಂತವೈದ್ಯರೇ ಸ್ಕೇಲಿಂಗ್ ಮಾಡಿ ತೆಗೆಯಬೇಕು. ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತದೆ ಎಂದು ಹೆದರಿಸುವವರು ಪ್ರತಿ ಊರಿನಲ್ಲೂ ಇದ್ದಾರೆ. ಆಗುವುದೇನೆಂದರೆ, ಒಳಗೆ ಮೂಳೆ ಕರಗಿ ಆಗಲೇ ಸಡಿಲವಾಗಿದ್ದ ಹಲ್ಲನ್ನು ಆ ಕಲ್ಲು ಸಿಮೆಂಟಿನಂತೆ ಹಿಡಿದಿಟ್ಟಿರುತ್ತದೆ. ತೆಗೆದಾಗ ಸಡಿಲು ಬಯಲಾಗುತ್ತದೆ. ಹಣದ ಅಡಚಣೆಯಿರುವವರು ದಂತ ವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಕ್ಕೆ ಹೋಗಬಹುದು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣಳತೆಯಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತಾರೆ.

ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಳ್ಳುವವರು ಅದನ್ನು ರಾತ್ರಿ ತೆಗೆದು, ಬ್ರಶ್ಶಿನಿಂದ ತೊಳೆದು, ನೀರಿನಲ್ಲಿ ಮುಳುಗಿಸಿಡಬೇಕು. ಸೆಟ್ಟಿನ ಅಡಿ ಮತ್ತು ಅಂಗುಳದ ನಡುವೆ ನಾಲಿಗೆಯ ಬುಡದಲ್ಲಿ ಬೆಳೆಯುವಂಥದೇ ಪಾಚಿ ಬೆಳೆಯುತ್ತದೆ. ಹಲ್ಲೇ ಇಲ್ಲದವರಿಗೆ ಬಾಯಿ ವಾಸನೆ ಎಲ್ಲಿಂದ ಎಂದು ಕೇಳುವ ಮನೆಯವರು ಒಮ್ಮೆ ಆ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಬೇಕು.

ಒಣಗಿದ ಬಾಯಿ

ನಾಲಿಗೆ, ಹಲ್ಲು ಎಲ್ಲ ಶುಚಿಯಾಗಿಟ್ಟರೂ ಮಧ್ಯಾಹ್ನದ ಹೊತ್ತಿಗೆ ವಾಸನೆ ಮರಳುತ್ತಿದ್ದರೆ ಬಾಯಿ ಒಣಗುತ್ತಿದೆಯೇ ಎಂದು ನೋಡಬೇಕು. ಪಾಠ ಹೇಳುವವರು, ಕಾಲ್ ಸೆಂಟರಿನಲ್ಲಿ ಇರುವವರು, ಬಸ್ ಕಂಡಕ್ಟರುಗಳು, ಪುರಾಣ ಹರಿಕಥೆ ಮಾಡುವವರು ಗಂಟೆಗಟ್ಟಲೆ ಮಾತನಾಡಿ ನೀರು ಕುಡಿಯುವುದನ್ನು ಮರೆಯುತ್ತಾರೆ. ಮೂಗು ಕಟ್ಟಿ ಬಾಯಿಯಿಂದ ಉಸಿರಾಡುವವರಿಗೂ ಗೊರಕೆ ಹೊಡೆಯುವವರಿಗೂ ಇದೇ ತೊಂದರೆ. ನೆಗಡಿ ಅಲರ್ಜಿಗೆ ನುಂಗುವ ಮಾತ್ರೆಗಳು, ಖಿನ್ನತೆಗೆ ಕೊಡುವ ಕೆಲವು ಔಷಧಿಗಳು, ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಹಾಗೆಂದು ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬಾರದು; ಬರೆದುಕೊಟ್ಟ ವೈದ್ಯರಿಗೆ ತಿಳಿಸಿದರೆ ಬದಲಿ ಔಷಧಿ ಇದೆಯೇ ಎಂದು ಅವರು ನೋಡುತ್ತಾರೆ.

ಒಣಗಿದ ಬಾಯಿಗೆ ಪರಿಹಾರ ಸರಳವಾದದ್ದು. ಒಮ್ಮೆಗೇ ಚೊಂಬು ನೀರು ಕುಡಿಯುವ ಬದಲು ಅರ್ಧ ಗಂಟೆಗೊಮ್ಮೆ ಒಂದು ಗುಟುಕು ನೀರನ್ನು ಬಾಯಿಯಲ್ಲಿ ಒಂದು ಸುತ್ತು ಆಡಿಸಿ ನುಂಗಬೇಕು. ಕಾಫಿ ಕುಡಿದ ಮೇಲೆ ಇದು ಕಡ್ಡಾಯ. ಹಾಲು, ಸಕ್ಕರೆ, ಡಿಕಾಕ್ಷನ್ ಮೂರೂ ನಾಲಿಗೆಯ ಮೇಲೆ ತೆಳ್ಳಗೆ ಲೇಪವಾಗಿ ಕೂತು ಹುಳಿಯುತ್ತವೆ, ಕಾಫಿಪ್ರಿಯರ ಬಾಯಿಗೆ ಒಂದು ವಿಶಿಷ್ಟ ಕಮಟು ಬರುವುದು ಹಾಗೆ. ಸೌತೆಕಾಯಿ, ಕ್ಯಾರೆಟ್, ಸೀಬೆ, ಕಬ್ಬಿನ ತುಂಡು ಮುಂತಾದ ಅಗಿಯುವಂಥದ್ದು ಜೊಲ್ಲನ್ನು ಬರಿಸುತ್ತದೆ; ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನ ಉಪಯೋಗವೂ ಅಷ್ಟೇ. ಏಕಾದಶಿ, ಶಿವರಾತ್ರಿ, ರಂಜಾನಿನ ಉಪವಾಸದ ದಿನಗಳಲ್ಲಿ ಜೊಲ್ಲು ತಗ್ಗುವುದರ ಜೊತೆಗೆ ದೇಹವು ಕೊಬ್ಬನ್ನು ಕರಗಿಸತೊಡಗುವುದರಿಂದ ಉಸಿರಿಗೇ ಒಂದು ಬೇರೆ ವಾಸನೆ ಬರುತ್ತದೆ. ಅದು ಉಪವಾಸದೊಂದಿಗೇ ಮುಗಿಯುವಂಥದ್ದು.

ಬೆಳ್ಳುಳ್ಳಿಯ ಲೆಕ್ಕ ಬೇರೆ

ಇದುವರೆಗೆ ಹೇಳಿದ್ದೆಲ್ಲ ಬಾಯಿಯಲ್ಲಿ ಹುಟ್ಟುವ ವಾಸನೆ. ಬೆಳ್ಳುಳ್ಳಿಯದು ಹಾಗಲ್ಲ. ಹಸಿ ಬೆಳ್ಳುಳ್ಳಿಯನ್ನು ಜಜ್ಜಿದಾಗ ಉಂಟಾಗುವ ಗಂಧಕದ ಸಂಯುಕ್ತಗಳಲ್ಲಿ ಬಹಳಷ್ಟು ಹೊಟ್ಟೆ ಮತ್ತು ಯಕೃತ್ತಿನಲ್ಲಿ ಒಡೆದುಹೋಗುತ್ತವೆ. ಅಲೈಲ್ ಮೀಥೈಲ್ ಸಲ್ಫೈಡ್ ಎಂಬುದೊಂದು ಮಾತ್ರ ಬೇಗ ಒಡೆಯದೆ ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಉಸಿರಿಗೂ ಚರ್ಮದ ಮೂಲಕ ಬೆವರಿಗೂ ಬರುತ್ತದೆ. ಆದುದರಿಂದಲೇ ಬೆಳ್ಳುಳ್ಳಿ ತಿಂದ ಮೇಲೆ ಎಷ್ಟು ಸಲ ಹಲ್ಲುಜ್ಜಿದರೂ ಮರುದಿನದವರೆಗೆ ವಾಸನೆ ಉಳಿಯುವುದು. ರಕ್ತಕ್ಕೆ ಸೇರುವ ಮೊದಲೇ, ಎಂದರೆ ಊಟದಲ್ಲಿಯೇ, ಅದನ್ನು ಹಿಡಿದು ಹಾಕಬೇಕು.

ಈ ವಿಷಯದಲ್ಲಿ ಉತ್ತರ ಕರ್ನಾಟಕದ ಊಟ ತಾನಾಗಿಯೇ ಜಾಣತನದ್ದು. ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಕೆಂಪು ಚಟ್ನಿ, ಕೈಯಲ್ಲೇ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ, ಇವುಗಳ ಪಕ್ಕದಲ್ಲಿ ಗಟ್ಟಿ ಮೊಸರು ಇದ್ದೇ ಇರುತ್ತದೆ. ಹಾಲು ಮೊಸರುಗಳಲ್ಲಿರುವ ಕೊಬ್ಬು ಮತ್ತು ಪ್ರೋಟೀನು ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸಲಾಗಿದೆ. ಕೆನೆ ತೆಗೆದ ಹಾಲಿಗಿಂತ ಕೆನೆಭರಿತ ಹಾಲು ಹೆಚ್ಚು ಕೆಲಸ ಮಾಡುತ್ತದೆ, ಊಟವಾದ ಮೇಲೆ ಕುಡಿಯುವುದಕ್ಕಿಂತ ಊಟದ ಜೊತೆಗೇ ಸೇವಿಸುವುದು ಹೆಚ್ಚು ಫಲ ಕೊಡುತ್ತದೆ. ಹಸಿ ಸೇಬು, ಹಸಿ ಪುದೀನ ಎಲೆಗಳಿಗೂ ಈ ಗುಣವಿದೆ. ಆದ್ದರಿಂದ ಮಧ್ಯಾಹ್ನ ಬೆಳ್ಳುಳ್ಳಿ ಚಟ್ನಿ ತಿಂದು ಸಂಜೆ ಸಂದರ್ಶನಕ್ಕೋ ಹೆಣ್ಣು ನೋಡುವ ಶಾಸ್ತ್ರಕ್ಕೋ ಹೋಗಬೇಕಾದವರು ಚಟ್ನಿಯನ್ನು ಮೊಸರಿನಲ್ಲಿ ಕಲಸಿಕೊಂಡೇ ತಿನ್ನುವುದು, ಕೊನೆಗೆ ಒಂದು ಹಿಡಿ ಪುದೀನ ಅಗಿಯುವುದು ಒಳ್ಳೆಯದು. ಚೆನ್ನಾಗಿ ಬೇಯಿಸಿದ ಬೆಳ್ಳುಳ್ಳಿಯ ಕಾಟ ಹಸಿಯದಕ್ಕಿಂತ ಕಡಿಮೆ.

ಅಡುಗೆಮನೆಯಲ್ಲಿ ಸಿಗುವುದು

ಏಲಕ್ಕಿ, ಲವಂಗ, ಸೋಂಪುಗಳ ಬಗ್ಗೆ ಓದಲೆಂದೇ ಇಲ್ಲಿಗೆ ಬಂದವರು ಇಷ್ಟು ಹೊತ್ತು ತಾಳ್ಮೆಯಿಂದ ಕಾದಿದ್ದಾರೆ. ಇವೆಲ್ಲ ಒಳ್ಳೆಯವೇ. ಆದರೆ ಕಸದ ಬುಟ್ಟಿಯನ್ನು ಖಾಲಿ ಮಾಡದೆ ಪಕ್ಕದಲ್ಲಿ ಊದುಬತ್ತಿ ಹಚ್ಚಿಟ್ಟ ಹಾಗೆ ಇವುಗಳನ್ನು ಬಳಸಬಾರದು. ನಾಲಿಗೆ ಹೆರೆದು, ಹಲ್ಲಿನ ಸಂದಿ ತೆಗೆದ ಬಾಯಿಗೆ ಒಂದು ಏಲಕ್ಕಿ ಸಾಕು. ಮಾಡದ ಬಾಯಿಗೆ ಹತ್ತು ಏಲಕ್ಕಿ ಹಾಕಿದರೂ ಅರ್ಧ ಗಂಟೆಯಲ್ಲಿ ಏಲಕ್ಕಿ ಬೆರೆತ ದುರ್ವಾಸನೆ ಬರುತ್ತದೆ, ಅದು ಬರಿಯ ದುರ್ವಾಸನೆಗಿಂತ ಕೆಟ್ಟದ್ದು.

ಲವಂಗದಲ್ಲಿರುವ ಯೂಜಿನಾಲ್ ಎಂಬ ಎಣ್ಣೆಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿಯಿದೆ. ಒಂದೇ ಒಂದು ಲವಂಗವನ್ನು ದವಡೆಯಲ್ಲಿಟ್ಟು ನಿಧಾನವಾಗಿ ರಸ ಬಿಡಿಸಿಕೊಳ್ಳಬೇಕು. ಲವಂಗದೆಣ್ಣೆಯನ್ನು ಹಾಗೆಯೇ ಒಸಡಿಗೆ ಹಚ್ಚಿದರೆ ಸುಟ್ಟಂತಾಗುತ್ತದೆ. ಊಟದ ಮೇಲೆ ಒಂದು ಚಮಚ ಸೋಂಪನ್ನು ಅಗಿಯುವುದರಿಂದ ಪರಿಮಳಕ್ಕಿಂತ ಹೆಚ್ಚಾಗಿ ಜೊಲ್ಲು ಬರುವುದೇ ಲಾಭ. ಹೋಟೆಲಿನ ಗಲ್ಲಾದ ಬಳಿ ಇಡುವ ಬಣ್ಣಬಣ್ಣದ ಸಕ್ಕರೆ ಲೇಪಿಸಿದ ಸೋಂಪೂ ಪುದೀನ ಪೆಪ್ಪರ್‌ಮಿಂಟೂ ಬೇರೆ ಜಾತಿ. ಅವುಗಳ ಸಕ್ಕರೆ ಹಲ್ಲನ್ನು ಹುಳುಕು ಮಾಡುತ್ತದೆ, ಹುಳುಕು ಹಲ್ಲಿನ ಗುಳಿ ವಾಸನೆಗೆ ಹೊಸ ಮನೆಯಾಗುತ್ತದೆ.

ಬಾಯಿ ಮುಕ್ಕಳಿಸಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಅರ್ಧ ನಿಮಿಷ ಕೆನ್ನೆಗಳಲ್ಲಿ ಆಡಿಸಿ, ಕೊನೆಯ ಗುಟುಕಿನಲ್ಲಿ ತಲೆಯೆತ್ತಿ ಗಂಟಲಿನಲ್ಲಿ ಗಳಗಳಿಸಿ ಉಗುಳಿದರೆ ಸಾಕು. ಒಸಡು ಊದಿಕೊಂಡವರಿಗೆ ಇದರಷ್ಟು ಹಿತವಾದದ್ದಿಲ್ಲ. ನಾಲ್ಕೈದು ಎಳೆಯ ಸೀಬೆ ಎಲೆಗಳನ್ನೋ ನಾಲ್ಕು ಲವಂಗವನ್ನೋ ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ ಆರಿಸಿದ ನೀರನ್ನೂ ಹೀಗೆಯೇ ಬಳಸಬಹುದು. ದಿನದಿನಕ್ಕೆ ಹೊಸದಾಗಿ ಮಾಡಿಕೊಳ್ಳಬೇಕು. ಅಡುಗೆ ಸೋಡಾವನ್ನು ಅರ್ಧ ಚಹಾ ಚಮಚದಷ್ಟು ಒಂದು ಲೋಟ ನೀರಿಗೆ ಹಾಕಿ ವಾರಕ್ಕೆ ಎರಡು ಮೂರು ಸಲ ಮುಕ್ಕಳಿಸಿದರೆ ಬಾಯಿಯ ಹುಳಿ ಇಳಿಯುತ್ತದೆ, ನುಂಗಬಾರದು ಅಷ್ಟೇ. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಹತ್ತು ನಿಮಿಷ ಬಾಯಿಯಲ್ಲಿ ಆಡಿಸಿ ಉಗುಳುವ ಹಳೆಯ ಪದ್ಧತಿಯಿಂದ ಕೆಲವರಿಗೆ ಅನುಕೂಲವಾಗಿದೆ. ಬ್ರಶ್ಶಿಗೆ ಅದು ಬದಲಿಯಲ್ಲ, ಮತ್ತು ಉಗುಳುವಾಗ ಸಿಂಕಿಗೆ ಉಗುಳಿದರೆ ಪೈಪು ಕಟ್ಟಿಕೊಳ್ಳುತ್ತದೆ.

ನಿಂಬೆಹಣ್ಣಿನ ಹೋಳಿನಿಂದ ಹಲ್ಲು ಉಜ್ಜುವುದನ್ನು, ವಿನೆಗರಿನಿಂದ ಮುಕ್ಕಳಿಸುವುದನ್ನು, ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪುಗಳಿಂದ ತಿಕ್ಕುವುದನ್ನು ನೈಸರ್ಗಿಕ ಎಂಬ ಹೆಸರಿನಲ್ಲಿ ಹೇಳಿಕೊಡುವವರಿದ್ದಾರೆ. ಹುಳಿಯು ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ, ಪುಡಿಯು ಸವೆಸುತ್ತದೆ; ಒಮ್ಮೆ ಹೋದ ಪದರ ಮತ್ತೆ ಬೆಳೆಯುವುದಿಲ್ಲ. ಅಂಗಡಿಯ ಮೌತ್‌ವಾಶುಗಳನ್ನು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಸತುವಿನ ಲವಣವಿರುವ ಮೌತ್‌ವಾಶು ಗಂಧಕದ ಅನಿಲವನ್ನು ಹಿಡಿದು ವಾಸನೆಯನ್ನು ನಿಜವಾಗಿಯೇ ತಗ್ಗಿಸುತ್ತದೆ. ಮದ್ಯಸಾರ ಹೆಚ್ಚಿರುವುದು ಬಾಯಿಯನ್ನು ಒಣಗಿಸಬಹುದು. ಕ್ಲೋರ್‌ಹೆಕ್ಸಿಡಿನ್ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಏಕೆಂದರೆ ಅದು ಹಲ್ಲಿಗೆ ಕಂದು ಕಲೆ ತರುತ್ತದೆ, ರುಚಿಯನ್ನು ಕೆಡಿಸುತ್ತದೆ. ಬಾಯಿ ವಾಸನೆಯನ್ನು ಸಂಕಟದ ಸಂಗತಿಯಾಗಿಸಿದ್ದರಲ್ಲಿ ಜಾಹೀರಾತಿನ ಪಾಲೂ ಇದೆ ಎಂಬುದನ್ನು ಇಲ್ಲೇ ಹೇಳಬಹುದು. ಲಿಸ್ಟರೀನ್ ಎಂಬ ಮೌತ್‌ವಾಶು 1879ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ಕ್ರಿಮಿನಾಶಕವಾಗಿ ಹುಟ್ಟಿದ ದ್ರಾವಣ. 1920ರ ದಶಕದಲ್ಲಿ ಅದರ ಮಾಲೀಕರು ಹ್ಯಾಲಿಟೋಸಿಸ್ ಎಂಬ ವೈದ್ಯರ ಪದವನ್ನು ಜಾಹೀರಾತಿಗೆ ತಂದು, ಬಾಯಿ ವಾಸನೆಯಿಂದ ಮದುವೆಯೇ ಆಗದೆ ಉಳಿದ ಹುಡುಗಿಯ ಚಿತ್ರ ತೋರಿಸಿ ಅದನ್ನು ಮನೆಮನೆಗೆ ಮಾರಿದರು.

ಎಲೆ ಅಡಿಕೆಯ ವಿಷಯದಲ್ಲಿ ಮುಲಾಜಿಲ್ಲದೆ ಹೇಳಬೇಕಾಗಿದೆ. ವೀಳ್ಯದೆಲೆಯೊಂದನ್ನೇ ಏಲಕ್ಕಿ ಲವಂಗದೊಂದಿಗೆ ಅಗಿದರೆ ಬಾಯಿ ಘಮಘಮಿಸುತ್ತದೆ. ಅಡಿಕೆ ಸೇರಿದರೆ ಮಾತು ಬೇರೆ. ತಂಬಾಕು ಸೇರದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಎಂದರೆ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿನಲ್ಲಿ, ಇರಿಸಿದೆ. ಅಡಿಕೆ ಬೆಳೆದು ಬದುಕುವ ಮಲೆನಾಡಿನವರಿಗೆ ಈ ಮಾತು ಕಹಿಯೆಂದು ಬಲ್ಲೆ. ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪುಗಳು ತಮ್ಮದೇ ವಾಸನೆಯ ಜೊತೆಗೆ ಬಾಯಿಯನ್ನು ಒಣಗಿಸಿ ಒಸಡನ್ನು ಕೆಡಿಸುತ್ತವೆ. ಅವು ಮುಂದುವರಿಯುವವರೆಗೆ ಮೇಲಿನ ಯಾವ ಉಪಾಯದಿಂದಲೂ ಪೂರ್ತಿ ಫಲ ಸಿಗದು.

ಬಾಯಿಯ ಆಚೆಗಿನ ಕಾರಣಗಳು

ನಾಲಿಗೆ, ಸಂದಿ, ನೀರು ಈ ಮೂರನ್ನೂ ಎರಡು ವಾರ ತಪ್ಪದೆ ಪಾಲಿಸಿದ ಮೇಲೂ ವಾಸನೆ ಇಳಿಯದಿದ್ದರೆ ಮೊದಲು ದಂತವೈದ್ಯರಲ್ಲಿಗೆ, ಅಲ್ಲಿ ಏನೂ ಸಿಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಹೋಗಬೇಕು. ಟಾನ್ಸಿಲಿನ ಗುಳಿಗಳಲ್ಲಿ ಕಸ ಸೇರಿ ಅಕ್ಕಿಯ ನುಚ್ಚಿನಂಥ ಬಿಳಿ ಹರಳುಗಳಾಗುವುದುಂಟು. ಕೆಮ್ಮಿದಾಗ ಹೊರಬಿದ್ದ ಅಂಥ ಹರಳನ್ನು ಬೆರಳಿನಲ್ಲಿ ಒತ್ತಿದರೆ ಬರುವ ನಾತ ಹೇಳತೀರದು. ಸೈನಸ್ಸಿನ ಸೋಂಕಿನಲ್ಲಿ ಕೀವು ಗಂಟಲಿಗೆ ಇಳಿದು ನಾರುತ್ತದೆ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಅದು ಯಾವಾಗಲೋ ಮೂಗಿಗೆ ತುರುಕಿಕೊಂಡ ಕಡಲೆಕಾಳೋ ಮಣಿಯೋ ಒಳಗೇ ಉಳಿದಿರುವ ಸೂಚನೆ. ಮನೆಯಲ್ಲಿ ಪಿನ್ನು ಹಾಕಿ ತೆಗೆಯಲು ಹೋಗದೆ ವೈದ್ಯರಿಗೆ ತೋರಿಸಬೇಕು.

ಕೆಲವು ವಾಸನೆಗಳು ಎಚ್ಚರಿಕೆಯ ಗಂಟೆಗಳು. ಸಕ್ಕರೆ ಕಾಯಿಲೆಯವರ ಉಸಿರು ಕೊಳೆತ ಹಣ್ಣಿನಂತೆ ಅಥವಾ ಉಗುರುಬಣ್ಣ ತೆಗೆಯುವ ದ್ರವದಂತೆ ವಾಸನೆ ಬೀರಿ, ಜೊತೆಗೆ ವಾಂತಿ, ವಿಪರೀತ ಬಾಯಾರಿಕೆ, ಮಂಪರು ಇದ್ದರೆ ಆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಮೂತ್ರದಂಥ ಘಾಟು ಮೂತ್ರಪಿಂಡದ ವೈಫಲ್ಯದಲ್ಲಿಯೂ, ಸಿಹಿ ಬೆರೆತ ಹಳಸು ವಾಸನೆ ಯಕೃತ್ತಿನ ಗಂಭೀರ ಕಾಯಿಲೆಯಲ್ಲಿಯೂ ಬರುತ್ತದೆ. ಇನ್ನು, ಮನೆಯವರೂ ವೈದ್ಯರೂ ವಾಸನೆಯೇ ಇಲ್ಲವೆಂದರೂ ತಮ್ಮ ಬಾಯಿ ನಾರುತ್ತಿದೆ ಎಂದು ನಂಬಿ ಜನರಿಂದ ದೂರ ಉಳಿಯುವವರಿದ್ದಾರೆ. ಎದುರಿನವರು ಮೂಗು ಮುಟ್ಟಿಕೊಂಡರೂ ತಮ್ಮಿಂದಲೇ ಎಂದು ಕುಗ್ಗುವ ಅವರಿಗೆ ಇನ್ನೊಂದು ಟೂತ್‌ಪೇಸ್ಟಿಗಿಂತ ಮನೋವೈದ್ಯರ ನೆರವು ಬೇಕಾಗಿರುತ್ತದೆ.

ದಂತವೈದ್ಯರಲ್ಲಿಗೆ ಹೋಗುವ ದಿನ ಮೌತ್‌ವಾಶು ಹಾಕಿ, ಲವಂಗ ಅಗಿದು, ಬಾಯಿಯನ್ನು ಶೃಂಗರಿಸಿಕೊಂಡು ಹೋಗಬೇಡಿ; ಅವರು ಕಾಣಬೇಕಾದ್ದೇ ಮರೆಯಾಗುತ್ತದೆ. ಹಿಂದಿನ ದಿನ ಬೆಳ್ಳುಳ್ಳಿ, ಹಸಿ ಈರುಳ್ಳಿ ಬಿಡಿ. ದಿನವೂ ನುಂಗುವ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಾಸನೆ ಯಾವ ಹೊತ್ತಿನಲ್ಲಿ ಹೆಚ್ಚು, ಬಾಯಿಯಿಂದಲೋ ಮೂಗಿನಿಂದಲೋ ಎಂದು ಮನೆಯವರನ್ನು ಕೇಳಿ ತಿಳಿದುಕೊಂಡು ಹೋದರೆ ಅರ್ಧ ತಪಾಸಣೆ ಅಲ್ಲಿಗೇ ಮುಗಿದಂತೆ.